ಆಟಿಸಂ ಇರುವ ಮಗುವಿನ ಜೊತೆ ದಿನಕ್ಕೆ ಅರ್ಧ ಗಂಟೆ: ಮನೆಯಲ್ಲೇ ಅಪ್ಪ ಅಮ್ಮ ಮಾಡಬಹುದಾದ್ದು

ವಾರಕ್ಕೆ ಎರಡು ದಿನ ಥೆರಪಿ, ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ. ಎಷ್ಟೋ ಮನೆಗಳಿಗೆ ಸಿಗುವುದು ಇಷ್ಟೇ. ಮಗು ಎಚ್ಚರವಾಗಿರುವ ಉಳಿದ 80 ಗಂಟೆ ಮನೆಯವರ ಜೊತೆ ಕಳೆಯುತ್ತದೆ. ಸ್ನಾನ, ತಿಂಡಿ, ಬಟ್ಟೆ, ಆಟ, ನಿದ್ದೆ ಎಲ್ಲ ನಡೆಯುವುದು ಅಲ್ಲೇ. ಆ ಹೊತ್ತನ್ನೆಲ್ಲ ಪಾಠವಾಗಿಸಿ ಮನೆಯನ್ನು ಕ್ಲಿನಿಕ್ ಮಾಡಬೇಕಿಲ್ಲ. ಮಗು ನಮ್ಮ ಕಡೆ ಒಂದು ಹೆಜ್ಜೆ ಇಟ್ಟಾಗ ಅದನ್ನು ಗುರುತಿಸಿ ಉತ್ತರ ಕೊಡುವುದನ್ನು ದೊಡ್ಡವರು ಕಲಿಯಬೇಕು. ಈ ಲೇಖನ ಅದರ ಬಗ್ಗೆ. ಮುಖ್ಯವಾಗಿ ಎರಡರಿಂದ ಆರು ವರ್ಷದ, ಮಾತು ಇನ್ನೂ ಬರದ ಅಥವಾ ಈಗಷ್ಟೇ ಶುರುವಾಗಿರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಈ ಕ್ರಮಕ್ಕೆ ಆಧಾರ ಇದೆ. ಬ್ರಿಟನ್ನಿನಲ್ಲಿ 152 ಪುಟ್ಟ ಮಕ್ಕಳ ಮೇಲೆ ನಡೆದ 'ಪ್ಯಾಕ್ಟ್' ಎಂಬ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಥೆರಪಿಸ್ಟ್ ಮಗುವಿಗೆ ನೇರವಾಗಿ ಕಲಿಸಲಿಲ್ಲ. ಅಪ್ಪ ಅಮ್ಮ ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಅವರ ಜೊತೆ ಕೂತು ಅದನ್ನೇ ನೋಡಿ, ಎಲ್ಲಿ ಮಗುವಿನ ಸನ್ನೆ ಕೈತಪ್ಪಿತು, ಎಲ್ಲಿ ಸರಿಯಾಗಿ ಸಿಕ್ಕಿತು ಎಂದು ತೋರಿಸಲಾಯಿತು. ಪ್ರಯೋಗ ಮುಗಿದ ಹೊತ್ತಿಗೆ ದೊಡ್ಡವರು ಸ್ಪಂದಿಸುವ ರೀತಿ ಚೆನ್ನಾಗಿ ಬದಲಾಗಿತ್ತು, ಆದರೆ ಆಟಿಸಂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುಮಾರು ಆರು ವರ್ಷದ ನಂತರ ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಾಗ ಈ ತರಬೇತಿ ಪಡೆದ ಮನೆಗಳ ಮಕ್ಕಳಲ್ಲಿ, ಪಡೆಯದವರಿಗಿಂತ ಲಕ್ಷಣಗಳ ತೀವ್ರತೆ ಕಡಿಮೆ ಇತ್ತು. ಅದೇ ಕ್ರಮವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗೆ ಒಗ್ಗಿಸಿ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರ ಮೂಲಕ ಎರಡರಿಂದ ಒಂಬತ್ತು ವರ್ಷದ 65 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮನೆಗಳಲ್ಲಿ ನೋಡಲಾಯಿತು. ಆರು ತಿಂಗಳಲ್ಲಿ 12 ಭೇಟಿ. ಮಕ್ಕಳು ತಾವಾಗಿ ಮಾತುಕತೆ ಶುರುಮಾಡುವುದು ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನ ಮೇಲೆ ಒಟ್ಟಿಗೆ ಗಮನ ಇಡುವ ಹೊತ್ತು ಮಾತ್ರ ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ಹೀಗಾಗಿ ಆಟಿಸಂ ವಾಸಿಯಾಗುತ್ತದೆ ಎಂಬ ನಿರೀಕ್ಷೆಯಿಂದ ಇದನ್ನು ಶುರುಮಾಡಬೇಡಿ. ಮಗುವಿಗೆ ತನ್ನ ಬೇಕು ಬೇಡಗಳನ್ನು ತಿಳಿಸುವ ದಾರಿ ಸಿಗಬೇಕು, ಅದಕ್ಕಾಗಿ ಮಾಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಅಪ್ಪ ಅಮ್ಮ ಸಹಾಯ ಮಾಡಬಲ್ಲರು ಅಂದರೆ ಅವರಿಂದಲೇ ತೊಂದರೆ ಆಯಿತು ಎಂದಲ್ಲ. 1950–60ರ ದಶಕದಲ್ಲಿ ತಾಯಿಯ ತಣ್ಣನೆಯ ಸ್ವಭಾವದಿಂದ ಆಟಿಸಂ ಬರುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೇ ಬರೆದಿದ್ದರು. ಅದು ಪೂರಾ ಸುಳ್ಳು. ಆದರೂ "ನೀನು ಕೆಲಸಕ್ಕೆ ಹೋಗ್ತೀಯಲ್ಲ, ಅದಕ್ಕೇ ಮಗು ಹೀಗೆ" ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತದೆ. ಹಾಗೆ ಹೇಳುವವರಿಗೆ ಈ ಪ್ಯಾರಾ ಓದಿ ಹೇಳಿ.

ಶುರುಮಾಡುವ ಮುನ್ನ

ಮೊದಲು ಕಿವಿ ಪರೀಕ್ಷೆ. ಹೆಸರು ಕರೆದರೆ ತಿರುಗದ ಮಗು ಟಿವಿಯಲ್ಲಿ ಜಾಹೀರಾತಿನ ಹಾಡು ಬಂದ ಕೂಡಲೇ ಓಡಿಬರುತ್ತದೆ, ಹಾಗಾಗಿ ಕಿವಿ ಸರಿಯಿದೆ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಭಾಗಶಃ ಕೇಳದಿರುವುದು, ಕಿವಿಯ ಒಳಗೆ ನೀರು ಕಟ್ಟಿರುವುದು ಹೀಗೆ ಗೊತ್ತಾಗುವುದಿಲ್ಲ. ಸದ್ದು ಕಿವಿಯಿಂದ ಮೆದುಳಿಗೆ ತಲುಪುತ್ತಿದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮಗು ನಿದ್ದೆಯಲ್ಲಿದ್ದಾಗಲೇ ಮಾಡಬಹುದಾದದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತು ಎರಡನ್ನೂ ನೋಡುತ್ತಾರೆ.

ಮಲಬದ್ಧತೆ, ಹಲ್ಲುನೋವು, ನಿದ್ದೆಗೇಡು ಇದ್ದರೆ ಮೊದಲು ಅವನ್ನು ಸರಿಪಡಿಸಿ. ಹೊಟ್ಟೆ ಕಟ್ಟಿಕೊಂಡ ಮಗು ಕೂತು ಆಡುವುದಿಲ್ಲ, ಮಾತು ಬಾರದಿದ್ದರೆ ನೋವನ್ನು ಹೇಳುವುದೂ ಇಲ್ಲ. ಬರುತ್ತಿದ್ದ ಮಾತು ನಿಂತುಹೋದರೆ, ನಡುನಡುವೆ ಕಣ್ಣು ನೆಟ್ಟು ಸ್ತಬ್ಧವಾದರೆ ಕಾಯಬೇಡಿ, ಮಕ್ಕಳ ನರರೋಗ ತಜ್ಞರಿಗೆ ತೋರಿಸಿ.

ಆಟಿಸಂ ಹೌದೋ ಅಲ್ಲವೋ ಎಂಬ ತೀರ್ಮಾನ ಬರುವವರೆಗೂ ಮನೆಯ ಅಭ್ಯಾಸವನ್ನು ಮುಂದೂಡಬೇಕಿಲ್ಲ. ಬರೀ ಮಾತು ತಡವಾದ ಮಗುವಿಗೂ ಇದರಿಂದ ಕೆಡುಕಿಲ್ಲ. "ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು" ಎಂದು ಸುಮ್ಮನೆ ಕಾಯುವುದರಲ್ಲಿ ಮಾತ್ರ ನಷ್ಟ ಇದೆ.

ಮೊದಲ ವಾರ: ಕಲಿಸಬೇಡಿ, ನೋಡಿ

ಮೊಬೈಲನ್ನು ಕಪಾಟಿನ ಕೆಳಗಿನ ಹಲಗೆಯ ಮೇಲೆ, ನೆಲದಲ್ಲಿ ಕೂತ ಮಗುವಿನ ಮುಖ ಕಾಣುವಷ್ಟು ಎತ್ತರಕ್ಕೆ ನಿಲ್ಲಿಸಿ, ಎಂದಿನಂತೆ ಮಗುವಿನ ಜೊತೆ ಆಡಿ. ಐದು ನಿಮಿಷದ ಎರಡು ವಿಡಿಯೊ ಸಾಕು. ರಾತ್ರಿ ಮಗು ಮಲಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ ಗೀಟು ಎಳೆಯುತ್ತಾ ನೋಡಿ: ನಾನು ಪ್ರಶ್ನೆ ಕೇಳಿದ್ದು ಎಷ್ಟು ಸಲ, ಹಾಗೆ ಮಾಡು ಹೀಗೆ ಮಾಡು ಅಂದದ್ದು ಎಷ್ಟು ಸಲ, ಮಗು ಮಾಡುತ್ತಿರುವುದರ ಬಗ್ಗೆಯೇ ಮಾತಾಡಿದ್ದು ಎಷ್ಟು ಸಲ, ಮಗು ತಾನಾಗಿ ನನ್ನ ಕಡೆ ಬಂದದ್ದು ಎಷ್ಟು ಸಲ.

ಕೊನೆಯ ಕಾಲಂ ತುಂಬುವಾಗ ವಿಡಿಯೊವನ್ನು ನಿಧಾನ ಮಾಡಿಕೊಳ್ಳಿ. ಕಣ್ಣಂಚಿನಲ್ಲಿ ಒಮ್ಮೆ ನೋಡಿದ್ದು, ನಿಮ್ಮ ಕೈ ಹಿಡಿದು ಡಬ್ಬಿಯ ಮೇಲಿಟ್ಟದ್ದು, ಮೈ ವಾಲಿಸಿದ್ದು, "ಊಂ" ಅಂದದ್ದು, ಒಂದು ಆಟಿಕೆ ತಂದು ಮಡಿಲಿಗೆ ಹಾಕಿ ಹೋದದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ವಿಡಿಯೊಗಳಲ್ಲಿ ಮೊದಲ ಎರಡು ಕಾಲಂ ತುಂಬಿ ಹರಿಯುತ್ತವೆ. "ಇದೇನು? ಯಾವ ಬಣ್ಣ? ಇಲ್ಲಿ ನೋಡು! ಆನೆ ಅನ್ನು, ಆನೆ ಅನ್ನು!" ಮಗು ಉತ್ತರಿಸುವುದಿಲ್ಲ, ಹಾಗಾಗಿ ನಾವು ಇನ್ನಷ್ಟು ಕೇಳುತ್ತೇವೆ. ಕೇಳಿದಷ್ಟೂ ಮಗು ಬೆನ್ನು ತಿರುಗಿಸುತ್ತದೆ. ಪ್ರೀತಿ ಮತ್ತು ಆತಂಕದಿಂದಲೇ ಹೀಗಾಗುತ್ತದೆ. ಮುಂದಿನ ಹಂತಗಳೆಲ್ಲ ಮೊದಲ ಎರಡು ಕಾಲಂ ಇಳಿಸಿ ಕೊನೆಯ ಎರಡನ್ನು ಏರಿಸುವುದಕ್ಕೇ.

ಜಾಗ ಮತ್ತು ಸಾಮಾನು

ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ. ಹಸಿವು, ನಿದ್ದೆ ಇಲ್ಲದ ಹೊತ್ತು ಆರಿಸಿ. ಟಿವಿ ಆಫ್, ಮಿಕ್ಸಿ ಆಫ್, ಮೊಬೈಲ್ ಕಣ್ಣಿಗೆ ಬೀಳದ ಕಡೆ. ಗೋಡೆಯ ಮೂಲೆಯಲ್ಲಿ ಚಾಪೆ ಹಾಸಿ, ಮಗು ಮೂಲೆಯ ಕಡೆ, ನೀವು ಎದುರಿಗೆ. ಮಗು ಕೂತರೆ ನೀವೂ ಕೂರಿ, ಅಂಗಾತ ಮಲಗಿದರೆ ಪಕ್ಕದಲ್ಲಿ ಮಲಗಿ. ನಿಮ್ಮ ಮುಖ ಅದರ ಕಣ್ಣಿನ ಮಟ್ಟದಲ್ಲಿರಬೇಕು. "ನನ್ನ ನೋಡು" ಎಂದು ಗದ್ದ ಹಿಡಿದು ತಿರುಗಿಸಬೇಡಿ. ಅದರಿಂದ ಮಗುವಿಗೆ ಕಿರಿಕಿರಿಯಷ್ಟೇ ಆಗುತ್ತದೆ.

ಆಟಿಕೆ ನಾಲ್ಕೈದು ಸಾಕು: ಸೋಪಿನ ಗುಳ್ಳೆಯ ಬಾಟಲಿ, ಒಂದೇ ಥರದ ಎರಡು ಕಾರು, ಮುಚ್ಚಳ ಬಿಗಿಯಾಗಿರುವ ಪಾರದರ್ಶಕ ಡಬ್ಬಿ, ಚೆಂಡು, ಒಂದು ದುಪ್ಪಟಿ. ಸ್ಟೀಲ್ ಲೋಟ ಮತ್ತು ಕಾಳು ಆಟಿಕೆಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ, ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಕಾಳು ಬೇಡ. ಬ್ಯಾಟರಿ ಹಾಕಿದರೆ ತಾನೇ ಹಾಡುವ ಆಟಿಕೆ ತೆಗೆದಿಡಿ, ಅದಕ್ಕೆ ನಿಮ್ಮ ಅಗತ್ಯವೇ ಇಲ್ಲ.

ಮಗುವಿನ ಹಿಂದೆ ಹೋಗುವುದು

ಮಗು ಕಾರನ್ನು ಓಡಿಸದೆ ತಿರುಗಿಸಿ ಹಿಡಿದು ಚಕ್ರ ಸುತ್ತುತ್ತಿದೆ. "ಹಾಗಲ್ಲ, ಹೀಗೆ ಓಡಿಸು" ಎಂದು ಕಸಿದುಕೊಂಡರೆ ಆಟ ಅಲ್ಲಿಗೆ ಮುಗಿಯಿತು. ಇನ್ನೊಂದು ಕಾರು ತೆಗೆದುಕೊಂಡು ನೀವೂ ಚಕ್ರ ಸುತ್ತಿ, "ತಿರ್ರ್ರ್" ಎನ್ನಿ. ಮಗು ನಿಲ್ಲಿಸಿದರೆ ನಿಲ್ಲಿಸಿ, ಮತ್ತೆ ಸುತ್ತಿದರೆ ಸುತ್ತಿ. ಎರಡು ಮೂರು ದಿನದಲ್ಲಿ ಒಂದು ಗಳಿಗೆ ಬರುತ್ತದೆ: ಮಗು ಸುತ್ತಿ, ನೀವು ಸುತ್ತುತ್ತೀರೋ ಇಲ್ಲವೋ ಎಂದು ಒಮ್ಮೆ ನಿಮ್ಮ ಕೈ ನೋಡುತ್ತದೆ. ನೀವು ಹುಡುಕುತ್ತಿರುವುದು ಆ ನೋಟವನ್ನೇ. ಅದು ಬಂದ ಮೇಲೆ ಚಿಕ್ಕ ಬದಲಾವಣೆ ಸೇರಿಸಿ, ಉದಾಹರಣೆಗೆ ನಿಮ್ಮ ಕಾರನ್ನು ದುಪ್ಪಟಿಯ ಕೆಳಗೆ ನುಗ್ಗಿಸಿ. ಮಗು ಇಷ್ಟಪಡದಿದ್ದರೆ ವಾಪಸ್ ಚಕ್ರಕ್ಕೆ.

ಮಾತು: ಕಡಿಮೆ, ಮಗುವಿನ ಬಾಯಿಂದ ಬರಬೇಕಾದ ರೂಪದಲ್ಲಿ

ಮಗುವಿಗೆ ಮಾತೇ ಇಲ್ಲವಾದರೆ ನಿಮ್ಮ ವಾಕ್ಯ ಒಂದು ಪದ: "ಚೆಂಡು." "ಬಿತ್ತು!" ಒಂದು ಪದ ಬರುತ್ತಿದ್ದರೆ ಎರಡು: "ಚೆಂಡು ಬಿತ್ತು." ಮಗುವಿಗಿಂತ ಒಂದೇ ಮೆಟ್ಟಿಲು ಮೇಲಿರಿ. ಒಂದು ವಸ್ತುವಿಗೆ ಮನೆಯಲ್ಲೆಲ್ಲ ಒಂದೇ ಹೆಸರು. ಅಮ್ಮ ನೀರು, ಅಪ್ಪ ವಾಟರ್, ಅಜ್ಜಿ ಜೀಜಿ ಅಂದರೆ ಮಗು ಯಾವುದನ್ನು ಹಿಡಿಯಬೇಕು?

ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ಆಟಿಸಂ ಇರುವ ಅನೇಕ ಮಕ್ಕಳು ಕೇಳಿದ ಮಾತನ್ನು ಹಾಗೆಹಾಗೇ ಮರಳಿಸುತ್ತಾರೆ. ನಾವು ದಿನವೂ "ದೋಸೆ ಬೇಕಾ?" ಎನ್ನುತ್ತೇವೆ, ಮಗು ದೋಸೆ ಬೇಕಾದಾಗ "ಬೇಕಾ" ಎನ್ನುತ್ತದೆ. ಕೊಡುವಾಗ "ತಗೋ" ಎನ್ನುತ್ತೇವೆ, ಮಗು ಕೈಚಾಚಿ "ತಗೋ" ಎನ್ನುತ್ತದೆ. "ಎತ್ಕೊಳ್ಳಲಾ?" ಎಂದು ಕೇಳಿ ಕೇಳಿ, ಎರಡೂ ಕೈ ಎತ್ತಿ "ಎತ್ಕೊಳ್ಳಲಾ" ಎಂದು ಬಂದು ನಿಲ್ಲುತ್ತದೆ. ಇದು ಅರ್ಥವಿಲ್ಲದ ಮಾತಲ್ಲ. ಮಗು ಆ ಸನ್ನಿವೇಶಕ್ಕೆ ಅಂಟಿದ ಪದವನ್ನು ಸರಿಯಾಗೇ ಬಳಸುತ್ತಿದೆ, ನಾವು ಕೊಟ್ಟ ರೂಪ ತಪ್ಪು. ಆದ್ದರಿಂದ ಮಗು ಹೇಳಬೇಕಾದ ಮಾತನ್ನೇ ನೀವು ಹೇಳಿ. ತಟ್ಟೆಯ ಕಡೆ ಕೈ ಬಂತೋ, "ದೋಸೆ ಬೇಕು" ಎಂದು ಕೊಡಿ. ಕೈಚಾಚಿತೋ, "ಕೊಡು" ಎನ್ನುತ್ತಾ ಕೊಡಿ. ಕೈ ಎತ್ತಿತೋ, "ಎತ್ಕೋ" ಎಂದು ಎತ್ತಿಕೊಳ್ಳಿ. ಮಗು "ಬೇಕಾ" ಅಂದರೆ ತಿದ್ದಬೇಡಿ, ನಗುತ್ತಾ "ಬೇಕು" ಎಂದು ಕೊಟ್ಟುಬಿಡಿ. ಮೊದಲ ಕೆಲವು ದಿನ ನಿಮಗೇ ವಿಚಿತ್ರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

"ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ" ಎಂಬ ಸಲಹೆ ಬೆಂಗಳೂರಿನಿಂದ ಅಮೆರಿಕದವರೆಗೂ ಕನ್ನಡದ ಮನೆಗಳಿಗೆ ಸಿಗುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದು ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿ ಮಾಡುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಿಮಗೆ ಯಾವ ಭಾಷೆಯಲ್ಲಿ ಮುದ್ದು, ಗದರಿಕೆ, ಹಾಡು ತಾನಾಗಿ ಬರುತ್ತದೋ ಆ ಭಾಷೆಯಲ್ಲೇ ಮಾತಾಡಿ. ತಡವರಿಸುವ ಇಂಗ್ಲಿಷಿಗಿಂತ ಸರಾಗವಾದ ಕನ್ನಡದಲ್ಲಿ ಮಗುವಿಗೆ ಸಿಗುವುದು ಹೆಚ್ಚು. ಅಜ್ಜ ಅಜ್ಜಿಯ ಜೊತೆಗಿನ ನಂಟೂ ಉಳಿಯುತ್ತದೆ.

ಕಾಯುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು, ಫಲ ಕೊಡುವುದೂ ಇದೇ. ಮಗುವಿಗೆ ಇಷ್ಟವಾದ, ದಿನವೂ ಒಂದೇ ರೀತಿ ನಡೆಯುವ ಕೆಲಸದ ನಡುವೆ ಒಂದು ಕಡೆ ನಿಲ್ಲಿಸಿ, ಮುಖದಲ್ಲಿ ನಿರೀಕ್ಷೆ ಇಟ್ಟುಕೊಂಡು, ಬಾಯಿ ಮುಚ್ಚಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹೆಚ್ಚಿನವರು ಮೂರಕ್ಕೇ ಸೋತು "ಏನು ಬೇಕು? ಹೇಳು!" ಎಂದುಬಿಡುತ್ತಾರೆ. ಮಗುವಿಗೆ ನಿಮ್ಮ ಮಾತನ್ನು ಅರಗಿಸಿಕೊಂಡು ಉತ್ತರ ಹೊಂದಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ನಡುವೆ ನೀವು ಇನ್ನೊಂದು ಮಾತು ಆಡಿದರೆ ಅದು ಮೊದಲಿಂದ ಶುರುಮಾಡಬೇಕಾಗುತ್ತದೆ.

ಸ್ನಾನದ ಹೊತ್ತು ತೆಗೆದುಕೊಳ್ಳಿ. ಬೆನ್ನ ಮೇಲೆ ನೀರು ಬೀಳುವುದು ಮಗುವಿಗೆ ಇಷ್ಟ ಅಂತಿಟ್ಟುಕೊಳ್ಳೋಣ. ಚೊಂಬಿನಲ್ಲಿ ನೀರು ತುಂಬಿ ಎತ್ತಿ, "ಒಂದು… ಎರಡು… ಮೂರು!" ಎಂದು ಸುರಿಯಿರಿ. ಒಂದೇ ಧಾಟಿಯಲ್ಲಿ ಹೀಗೆ ನಾಲ್ಕೈದು ದಿನ, ಪ್ರತಿ ಸ್ನಾನದಲ್ಲೂ ಆರೇಳು ಸಲ. ಧಾಟಿ ಮಗುವಿನ ಮೈಗೆ ಇಳಿದ ಮೇಲೆ ಒಂದು ದಿನ "ಒಂದು… ಎರಡು…" ಎಂದು ಚೊಂಬನ್ನು ಮೇಲೆ ಹಿಡಿದು ನಿಲ್ಲಿ. ಮಗು ಭುಜ ಕುಗ್ಗಿಸಿ ಕಾಯುತ್ತದೆ. ನೀರು ಬೀಳಲಿಲ್ಲ. ಕತ್ತೆತ್ತಿ ಚೊಂಬನ್ನು ನೋಡುತ್ತದೆ, ಆಮೇಲೆ ನಿಮ್ಮ ಮುಖ. ಅಥವಾ "ಮ್" ಎನ್ನುತ್ತದೆ, ಕಾಲು ಬಡಿಯುತ್ತದೆ. ಇದರಲ್ಲಿ ಯಾವುದೇ ಒಂದು ಬಂದ ಕ್ಷಣಕ್ಕೇ "ಮೂರು!" ಎಂದು ಸುರಿಯಿರಿ. ತಡಮಾಡಬೇಡಿ, "ಇನ್ನೂ ಜೋರಾಗಿ ಹೇಳು" ಎನ್ನಬೇಡಿ. ತಾನು ಏನೋ ಮಾಡಿದ್ದಕ್ಕೇ ನೀರು ಬಿತ್ತು ಎಂಬುದು ಮಗುವಿಗೆ ತಿಳಿಯುವುದು ಎರಡರ ನಡುವೆ ಸಂದು ಇಲ್ಲದಿದ್ದಾಗ ಮಾತ್ರ. ಹತ್ತು ಎಣಿಸಿದರೂ ಏನೂ ಬಾರದಿದ್ದರೆ ನೀವೇ "ಮೂರು" ಎಂದು ಸುರಿದು ಮುಂದುವರಿಯಿರಿ. ನಾಳೆ ಇದೆ.

ತಿಂಡಿಯಲ್ಲೂ ಇದೇ ಕ್ರಮ. ದೋಸೆಯನ್ನು ಎಂಟು ಚೂರು ಮಾಡಿ ತಟ್ಟೆ ನಿಮ್ಮ ಕಡೆ ಇಟ್ಟುಕೊಳ್ಳಿ. ಮೊದಲ ಎರಡು ಚೂರು ಹಾಗೇ ಕೊಡಿ, ಹಸಿದ ಮಗುವನ್ನು ಕಾಯಿಸಬಾರದು. ನಡುವಿನ ನಾಲ್ಕಕ್ಕೆ ಕಾಯಿರಿ, ಸನ್ನೆ ಬಂದ ಕೂಡಲೇ "ದೋಸೆ ಬೇಕು" ಎಂದು ಕೊಡಿ. ಉಳಿದದ್ದನ್ನು ತಟ್ಟೆ ಸಮೇತ ಕೊಟ್ಟುಬಿಡಿ. ಊಟ ಪರೀಕ್ಷೆಯಾಗಬಾರದು.

ಬಿಗಿ ಮುಚ್ಚಳದ ಡಬ್ಬಿ, ಜೋಕಾಲಿ, ಅಪಾರ್ಟ್‌ಮೆಂಟಿನ ಲಿಫ್ಟ್ ಗುಂಡಿ, ಚಪ್ಪಲಿ ಹಾಕಿಕೊಂಡು ಬಾಗಿಲು ತೆರೆಯುವ ಮುಂಚಿನ ಗಳಿಗೆ ಎಲ್ಲ ಕಡೆಯೂ ಇಂಥ ನಿಲುಗಡೆ ಸಿಗುತ್ತದೆ. ದಿನಕ್ಕೆ ಮೂರು ಜಾಗ ಆರಿಸಿಕೊಂಡರೆ ಸಾಕು.

ಹೆಚ್ಚಾಗಿ ಕೆಡುವುದು ಎರಡು ಕಡೆ. ಮೊದಲನೆಯದು, ಮಾತು ಬಂದರೇನೇ ಕೊಡುವುದು ಎಂದು ಹಟ ಹಿಡಿಯುವುದು. ಮಗು ಅಳುತ್ತದೆ, ಅತ್ತ ಮೇಲೆ ಮನೆಯವರು ಕೊಡುತ್ತಾರೆ, ಹಾಗಾಗಿ ಅಳುವುದೇ ಕೇಳುವ ವಿಧಾನ ಎಂದು ಮಗು ಕಲಿಯುತ್ತದೆ. ನೀರು, ಹಸಿವಿನ ಊಟ, ಶೌಚ, ನೋವಿನಲ್ಲಿ ಎತ್ತಿಕೊಳ್ಳುವುದು ಇವುಗಳಲ್ಲಿ ಕಾಯಿಸಲೇಬೇಡಿ. ಎರಡನೆಯದು, ಮನೆಯ ಬೇರೆಯವರು ಮಗು ಕೇಳುವ ಮುಂಚೆಯೇ ಎಲ್ಲ ಕೈಗಿಡುವುದು. ಅಜ್ಜಿಗೆ ಬೈಯಬೇಡಿ, ಸ್ನಾನದ ವಿಡಿಯೊ ತೋರಿಸಿ. ಮಗು ಚೊಂಬಿನಿಂದ ಮುಖಕ್ಕೆ ಕಣ್ಣು ತಿರುಗಿಸಿದ್ದನ್ನು ಒಮ್ಮೆ ಕಂಡ ಅಜ್ಜಿ ನಿಮಗಿಂತ ಚೆನ್ನಾಗಿ ಕಾಯುತ್ತಾರೆ.

ಚಿತ್ರಕಾರ್ಡು ಮತ್ತು ಸ್ವಂತ ಕೆಲಸ

ಮಾತು ಬಾರದ ಮಗುವಿಗೆ ಚಿತ್ರ ಕೊಟ್ಟರೆ ಮಾತೇ ಬರುವುದಿಲ್ಲ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ. ನಿಮ್ಮ ಮನೆಯದೇ ಲೋಟ, ತಟ್ಟೆ, ಚಪ್ಪಲಿಯ ಫೋಟೊ ತೆಗೆದು ಅಂಗೈ ಅಗಲಕ್ಕೆ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿ, ಮಗುವಿಗೆ ಎಟಕುವಂತೆ ಅಂಟಿಸಿ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ "ಮೊದಲು ಸ್ನಾನ, ಆಮೇಲೆ ಗುಳ್ಳೆ" ಎಂಬ ಹಲಗೆ ತಯಾರು. ಒಂದರಿಂದ ಇನ್ನೊಂದಕ್ಕೆ ಹೋಗುವಾಗಿನ ರಂಪ ಇದರಿಂದ ಬಹಳ ಮಟ್ಟಿಗೆ ತಗ್ಗುತ್ತದೆ.

ಚಡ್ಡಿ ಹಾಕಿಕೊಳ್ಳುವುದನ್ನು ಕೊನೆಯಿಂದ ಕಲಿಸಿ. ಮಂಡಿಯ ಮೇಲಿನವರೆಗೂ ನೀವೇ ಎಳೆದು, ಸೊಂಟಕ್ಕೆ ಏರಿಸುವುದನ್ನಷ್ಟೇ ಮಗುವಿಗೆ ಬಿಡಿ. ಐದು ದಿನ ಸಲೀಸಾಗಿ ಮಾಡಿದರೆ ಮಂಡಿಯಿಂದ, ಆಮೇಲೆ ಪಾದದಿಂದ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ.

ರಂಪ, ಹೊಡೆತ, ಕಿರುಚಾಟ

ಒಂದು ವಾರ ಪ್ರತಿ ರಂಪದ ಬಗ್ಗೆ ಮೂರು ಸಂಗತಿ ಬರೆದಿಡಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು. ಬೇಕಾದ್ದು ಪಡೆಯಲು, ಬೇಡದ್ದರಿಂದ ತಪ್ಪಿಸಿಕೊಳ್ಳಲು, ಯಾರಾದರೂ ಗಮನಿಸಲಿ ಎಂದು, ಸದ್ದು ಬೆಳಕು ತಾಳಲಾರದೆ ಅಥವಾ ಮೈಗೆ ಹಿತ ಎಂದು – ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಕಾರಣ ಕಾಣುತ್ತದೆ. ತಲೆ ಬಾಚುವಾಗ ಪ್ರತಿಸಲ ಕಚ್ಚುವ ಮಗು ತಪ್ಪಿಸಿಕೊಳ್ಳುತ್ತಿದೆ. ಅದಕ್ಕೆ ಕಚ್ಚುವ ಬದಲು "ಸಾಕು" ಎಂದು ಅಂಗೈ ತೋರಿಸುವುದನ್ನು ಕಲಿಸಿ. ಎರಡು ಸಲ ಬಾಚಿ, ಕಚ್ಚುವ ಮೊದಲೇ ಅದರ ಅಂಗೈ ಎತ್ತಿಸಿ "ಸಾಕು" ಎಂದು ನಿಜವಾಗಿ ನಿಲ್ಲಿಸಿ. "ಸಾಕು" ಅಂದರೆ ನಿಲ್ಲುತ್ತದೆ ಎಂಬ ನಂಬಿಕೆ ಬಂದ ಮೇಲೆ ಬಾಚುವ ಸಂಖ್ಯೆ ನಿಧಾನಕ್ಕೆ ಏರಿಸಿ.

ಮೊಬೈಲ್ ಇಲ್ಲದೆ ತುತ್ತು ಇಳಿಯುವುದಿಲ್ಲ ಎಂಬ ಮನೆಯಲ್ಲಿ ಒಂದೇ ದಿನಕ್ಕೆ ಕಿತ್ತುಕೊಳ್ಳಬೇಡಿ. ಕೊನೆಯ ಮೂರು ತುತ್ತು ಮೊಬೈಲ್ ಇಲ್ಲದೆ, ಮುಂದಿನ ವಾರ ಐದು, ಹೀಗೆ ಹಿಂದಕ್ಕೆ ಬನ್ನಿ. ಹಿಂದೆ ರಂಪಕ್ಕೆ ಸಿಗುತ್ತಿದ್ದದ್ದನ್ನು ನಿಲ್ಲಿಸಿದರೆ ಮೊದಲ ಕೆಲವು ದಿನ ರಂಪ ಜೋರಾಗುತ್ತದೆ. ಆ ಹೊತ್ತಿನಲ್ಲಿ ಒಬ್ಬರು ಸೋತು ಕೊಟ್ಟರೆ, ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮನೆಯವರೆಲ್ಲ ಒಪ್ಪಿದ ಮೇಲಷ್ಟೇ ಶುರುಮಾಡಿ. ತಲೆ ಚಚ್ಚಿಕೊಂಡು ಗಾಯವಾಗುತ್ತಿದ್ದರೆ ಮನೆಮದ್ದಿಗೆ ಬಿಡಬೇಡಿ, ವೈದ್ಯರನ್ನು ಕಾಣಿ. ಹೊಡೆಯುವುದು ಯಾವ ಕಾರಣಕ್ಕೂ ಬೇಡ.

ಎಲ್ಲಿ ಕೇಳಬೇಕು

ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಎಂಬ ಮಕ್ಕಳ ಬೆಳವಣಿಗೆ ಕೇಂದ್ರ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ವಿಶ್ವ ಆರೋಗ್ಯ ಸಂಸ್ಥೆ ಎರಡರಿಂದ ಒಂಬತ್ತು ವರ್ಷದ ಮಕ್ಕಳ ಪೋಷಕರಿಗಾಗಿ ಒಂಬತ್ತು ಗುಂಪು ತರಗತಿ, ಮೂರು ಮನೆಭೇಟಿಯ ತರಬೇತಿ ರೂಪಿಸಿದೆ, ಅದರ ಆನ್‌ಲೈನ್ ರೂಪ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅಂಗವೈಕಲ್ಯ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಸ್ಟೆಮ್ ಸೆಲ್, ಕಿಲೇಶನ್ (ಮೈಯಿಂದ ಲೋಹ ಹೊರಹಾಕಲು ಕೊಡುವ ಔಷಧ) ಎಂದು ಆಟಿಸಂ ವಾಸಿ ಮಾಡುವ ಮಾತಾಡುವವರ ಹತ್ತಿರ ಹೋಗಬೇಡಿ. ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ, ಕಿಲೇಶನ್‌ನಿಂದ ಮಕ್ಕಳ ಪ್ರಾಣವೇ ಹೋದದ್ದಿದೆ.

ಆರನೇ ವಾರ

ಅದೇ ಚಾಪೆ, ಅದೇ ಐದು ನಿಮಿಷ, ಮತ್ತೊಂದು ವಿಡಿಯೊ. ನೋಟ್‌ಬುಕ್ಕಿನ ಅದೇ ನಾಲ್ಕು ಕಾಲಂ. ಪ್ರಶ್ನೆಗಳು ಇಳಿದಿದ್ದು ಮಗು ತಾನಾಗಿ ಬರುವುದು ಹೆಚ್ಚಿದ್ದರೆ ಪದ ಒಂದೂ ಬಾರದಿದ್ದರೂ ದಾರಿ ಸರಿಯಿದೆ. ಪ್ರಶ್ನೆಗಳು ಇಳಿದಿವೆ, ಆದರೆ ಮಗು ಬರುವುದು ಹೆಚ್ಚಿಲ್ಲ ಅಂದರೆ ಆಟ ಮಗುವಿನ ಆಯ್ಕೆಯದಲ್ಲ, ಬದಲಾಯಿಸಿ. ಎರಡೂ ಕದಲದಿದ್ದರೆ ವಿಡಿಯೊವನ್ನು ಥೆರಪಿಸ್ಟ್ ಎದುರು ಕೂತು ನೋಡಿ. ಜ್ವರ, ಊರ ಹಬ್ಬ, ಮದುವೆ ಮನೆ ಎಂದು ವಾರ ತಪ್ಪಿದರೆ ಮತ್ತೆ ಸ್ನಾನದ ಚೊಂಬಿನಿಂದ ಶುರುಮಾಡಿ.

ಅಂಗನವಾಡಿಗೋ ಶಾಲೆಗೋ ಹೋಗುವ ಮಗುವಾದರೆ, ಕಲಿತದ್ದನ್ನು ಒಂದು ಹಾಳೆಯಲ್ಲಿ ಬರೆದು ಟೀಚರಿಗೆ ಕೊಡಿ. ಕಾಯಿಲೆಯ ವಿವರ ಅದರಲ್ಲಿ ಬೇಡ, ಮಗುವಿನ ಭಾಷೆ ಇರಲಿ: "ಕೈ ಹಿಡಿದು ಎಳೆದರೆ ಏನೋ ಬೇಕಾಗಿದೆ, ಜೊತೆಗೆ ಹೋಗಿ ನೋಡಿ. ಅಂಗೈ ತೋರಿಸಿದರೆ ಸಾಕು ಎಂದರ್ಥ, ದಯವಿಟ್ಟು ಎರಡು ನಿಮಿಷ ಬಿಡಿ. 'ಬೇಕಾ' ಅಂದರೆ ಬೇಕು. ಬೆಲ್ ಸದ್ದಿಗೆ ಕಿವಿ ಮುಚ್ಚುತ್ತಾನೆ, ಬೆಲ್ ಹೊಡೆಯುವ ಮುಂಚೆ ಹೇಳಿದರೆ ಅಳುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಹತ್ತು ಎಣಿಸಿ."